ಚಾಕ್ ಗುರುತು ಒರೆಸಿದವಳು

ಎಲ್ಲಿಂದ ಶುರು ಮಾಡಲಿ? ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಬರೆದೆ. ಶಾಲೆಯ ಪ್ರಬಂಧದ ವಾಸನೆ ಬಂತು, ಹೊಡೆದು ಹಾಕಿದೆ. ‘ಅಂದು ಮುಂಜಾನೆ ಸೂರ್ಯ’ ಎಂದು ಬರೆದೆ. ಹದಿನೇಳರ ಹುಡುಗಿ ಕೆಲಸ ಕೇಳಲು ಹೊರಟರೆ ಮಧ್ಯೆ ಸೂರ್ಯನದೇನು ಕಾರುಬಾರು? ಅದೂ ಹೋಯಿತು.

ಸರಿ, ಹೀಗಿರಲಿ: ಅವಳು ಹೊಲಿಗೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದಾಳೆ.

೧

ಒಳಗಿರುವವರು ಟೈಲರ್ ಆಂಟಿ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವರು.

“ಏನ್ ಬರುತ್ತೆ ನಿಂಗೆ?”

“ಕಲೀತೀನಿ ಆಂಟಿ.”

“ಹಾಗಂತ ಎಲ್ರೂ ಹೇಳ್ತಾರೆ. ಸಂಜೆವರೆಗೂ ಇರು, ನೋಡೋಣ.”

(ಇವಳಿಗೆ ಒಂದಿಷ್ಟು ಬಡತನ ಕೊಟ್ಟು ನಿಮ್ಮ ಕಣ್ಣಲ್ಲಿ ನೀರು ತರಿಸುವ ಪ್ಲಾನ್ ಇತ್ತು. ಅವಳು ಒಪ್ಪಲಿಲ್ಲ. ವಿಷಯ ಇಷ್ಟೇ: ಇವತ್ತು ಇಲ್ಲಿ ಆಗದಿದ್ದರೆ ನಾಳೆಯಿಂದ ಚಿಕ್ಕಪ್ಪನ ಅಂಗಡಿ. ಅಲ್ಲಿ ಫ್ಯಾನ್ ಇದೆ, ಕುರ್ಚಿ ಇದೆ. “ಅದೇ ತೊಂದ್ರೆ,” ಎಂದಳು ನನಗೆ. “ಅಲ್ಲಿ ನಾನು ಅಣ್ಣನ ಮಗಳು. ಕೆಡಿಸಿದ್ರೂ ಬೈಯಲ್ಲ, ಚೆನ್ನಾಗಿ ಮಾಡಿದ್ರೂ ಹೊಗಳಲ್ಲ. ಸುಮ್ನೆ ನಗ್ತಾರೆ.” ನಾನು ಬಡತನ ಹೊಡೆದು ಹಾಕಿದೆ.)

೨

ಹಿಂದಿನ ದಿನ ಒಬ್ಬ ಮೇಷ್ಟ್ರು ಬಂದು ಅರ್ಧ ಹೊಲಿದ ಕಪ್ಪು ಕೋಟು ತೊಟ್ಟು ನೋಡಿದ್ದರು. ಎಲ್ಲೆಲ್ಲಿ ಬಿಗಿ ಮಾಡಬೇಕೋ ಅಲ್ಲೆಲ್ಲ ಆಂಟಿ ಚಾಕಿನಿಂದ ಬಿಳಿ ಗೆರೆ ಎಳೆದಿದ್ದರು. ಈಗ ಆ ಕೋಟನ್ನು ಹುಡುಗಿಯ ಕೈಗೆ ಕೊಟ್ಟು, “ಮೇಜಿನ ಮೇಲಿಡು, ಗುಂಡಿ ತರ್ತೀನಿ,” ಎಂದು ಹೊರಗೆ ಹೋದರು.

ಕೊಳೆ ಕಂಡರೆ ಸುಮ್ಮನಿರಬಾರದೆಂದು ಅಮ್ಮ ಬೆಳೆಸಿದ ಹುಡುಗಿ. ಕಪ್ಪು ಬಟ್ಟೆಯ ಮೇಲೆ ಬಿಳಿ ಬಿಳಿ. ಪಕ್ಕದಲ್ಲೇ ಬ್ರಷ್. ಮನಸ್ಸಿಟ್ಟು ಉಜ್ಜಿದಳು. ಒಂದು ಗೆರೆಯೂ ಉಳಿಯಲಿಲ್ಲ.

ಆಂಟಿ ಬಂದರು. “ಗುರುತೆಲ್ಲಿ?”

ಅವಳ ಕೈಯಲ್ಲಿ ಇನ್ನೂ ಬ್ರಷ್ ಇತ್ತು. (ನನ್ನ ಕೈಯಲ್ಲಿ ಪೆನ್ನು.)

೩

ಅಂತ್ಯಗಳು ನನ್ನ ಹತ್ತಿರ ಬೇಕಾದಷ್ಟಿವೆ.

(ಅ) ಅವಳು ಪ್ರತಿ ಗೆರೆಯನ್ನೂ ನೆನಪಿನಿಂದ ಮತ್ತೆ ಎಳೆಯುತ್ತಾಳೆ, ಆಂಟಿ ಬೆರಗಾಗುತ್ತಾರೆ.

“ನಾನೇನು ಕ್ಯಾಮೆರಾನಾ?” ಎಂದಳು ನನಗೆ.

(ಆ) ಬೆಕ್ಕು ಬಂದು ಕೋಟಿನ ಮೇಲೆ ಹೊರಳಾಡಿತು ಎನ್ನುತ್ತಾಳೆ.

“ಅಂಗಡೀಲಿ ಬೆಕ್ಕೇ ಇಲ್ವಲ್ಲ.”

“ಬೇಕಾದರೆ ಮೊದಲ ಪುಟಕ್ಕೆ ಹೋಗಿ ಒಂದನ್ನು ಬಿಟ್ಟು ಬರ್ತೀನಿ.”

“ಬೇಡ.”

(ಇ) ಅಳುತ್ತಾ ಚಿಕ್ಕಪ್ಪನ ಅಂಗಡಿಗೆ

ಇದನ್ನು ಪೂರ್ತಿ ಬರೆಯಲಾಗಲಿಲ್ಲ. ಅವಳು ನನ್ನನ್ನು ನೋಡಿದ ನೋಟಕ್ಕೆ ಪೆನ್ನು ಕೆಳಗಿಟ್ಟೆ.

ಆಂಟಿಯ ಕಡೆ ತಿರುಗಿ ಅವಳೇ ಹೇಳಿದಳು: “ಕೊಳೆ ಅಂದ್ಕೊಂಡು ನಾನೇ ಒರೆಸ್ಬಿಟ್ಟೆ ಆಂಟಿ. ಮೇಷ್ಟ್ರ ಮನೆ ಎಲ್ಲಿ ಹೇಳಿ, ಕರ್ಕೊಂಡು ಬರ್ತೀನಿ.”

೪

ಕರೆತಂದಳು. ಮೇಷ್ಟ್ರು ದಾರಿಯುದ್ದಕ್ಕೂ ಗೊಣಗಿದರು, ಅಂಗಡಿಯಲ್ಲಿ ಕೋಟು ತೊಟ್ಟು ನಿಂತ ಮೇಲೂ.

“ನಿನ್ನೆ ತಾನೇ ಗೊಂಬೆ ಥರ ನಿಂತಿದ್ದೆನಲ್ಲಮ್ಮ!”

“ನಿನ್ನೆ ನಿಂತಿದ್ದನ್ನ ನಾನು ನೋಡಿಲ್ವಲ್ಲ ಸಾರ್.”

ಆಂಟಿಗೆ ನಗು ತಡೆಯಲಾಗದೆ ತುಟಿಯ ಗುಂಡುಸೂಜಿಗಳೆಲ್ಲ ನೆಲಕ್ಕೆ ಉದುರಿದವು. ಆಮೇಲೆ ಅವರು ಮಾಡಿದ್ದನ್ನು ನಾನು ಯೋಚಿಸಿಯೇ ಇರಲಿಲ್ಲ. ಬಟ್ಟೆಯನ್ನು ಬೆರಳಲ್ಲಿ ಚಿವುಟಿ ಹಿಡಿದು, ಚಾಕನ್ನು ಹುಡುಗಿಗೆ ಕೊಟ್ಟರು.

“ಎಳಿ ಗೆರೆ.”

ಎಳೆದಳು. ಗೆರೆ ಸೊಟ್ಟಗಾಯಿತು.

“ಪರ್ವಾಗಿಲ್ಲ. ಒರೆಸೋದಂತೂ ಚೆನ್ನಾಗಿ ಬರುತ್ತಲ್ಲ ನಿಂಗೆ.”

ಅಬ್ಬ, ಬೈದರು! ಅವಳ ಮುಖ ಅರಳಿತು. ನನಗೂ ಖುಷಿಯಾಯಿತು, ಕಥೆಗಾರ ಖುಷಿಪಡಬಾರದೆಂದು ವಿಮರ್ಶಕರು ಹೇಳಿದರೆ ಹೇಳಿಕೊಳ್ಳಲಿ.

ಸಂಜೆ ಬಾಗಿಲು ಹಾಕುವಾಗ ಆಂಟಿ ಅಂದರು: “ಉಗುರು ಕತ್ತರಿಸ್ಕೊಂಡು ಬಾ ನಾಳೆ. ನೂಲು ಸಿಕ್ಕಾಕ್ಕೊಳ್ಳುತ್ತೆ.”

‘ಕೆಲಸ ಸಿಕ್ಕಿತು’ ಎಂದು ಬರೆದೆ. ಅವಳು ಹೊಡೆದು ಹಾಕಿದಳು.

“ಹಾಗಂತ ಅವರೆಲ್ಲಿ ಹೇಳಿದ್ರು?”

“ನಾಳೆ ಬಾ ಅಂದರಲ್ಲ!”

“ನಾಳೆ ಇನ್ನೇನು ಕೆಡಿಸ್ತೀನೋ, ಯಾರಿಗ್ಗೊತ್ತು.” ನಗುತ್ತಲೇ ಅಂದಳು.

ಈಗ ಮನೆಯ ಮೆಟ್ಟಿಲ ಮೇಲೆ ಹಳೇ ಪೇಪರ್ ಹಾಸಿ ಉಗುರು ಕತ್ತರಿಸುತ್ತಾ ಕೂತಿದ್ದಾಳೆ. ಒಳಗಿನಿಂದ ಅಮ್ಮ: “ಚಿಕ್ಕಪ್ಪಂಗೆ ಏನ್ ಹೇಳ್ಲೇ?”

“ನಂಗೆ ಪುರುಸೊತ್ತಿಲ್ಲ ಅಂತ ಹೇಳಮ್ಮ.”

ಇಷ್ಟು ಸಾಕು ಎಂದು ನಾನು ಕೊನೆಯ ಚುಕ್ಕೆ ಇಡಲು ಹೋದೆ.

“ತಡೀರಿ,” ಎಂದಳು ತಲೆಯೆತ್ತದೆ, “ಎಡಗೈ ಇನ್ನೂ ಬಾಕಿ ಇದೆ”