ತೊಡೆಯ ಮೇಲಿನ ಹಲಗೆ

ಹೆಂಡತಿ ತೀರಿಹೋದ ಮೇಲೂ ಬಡಗಿಯ ಮನೆಯಲ್ಲಿ ಎಲ್ಲವೂ ಇದ್ದಲ್ಲೇ ಇದ್ದವು. ಅವಳ ಚಪ್ಪಲಿ ಬಾಗಿಲ ಪಕ್ಕ, ಛತ್ರಿ ಮೊಳೆಯಲ್ಲಿ. ಕೈಜಾರುತ್ತಿದ್ದದ್ದು ಒಂದೇ, ಅವಳು ಪಾತ್ರೆ ತೊಳೆಯುತ್ತ ಗುನುಗುತ್ತಿದ್ದ ರಾಗ. ಅದಕ್ಕೆ ಮಾತಿರಲಿಲ್ಲ, ಎಲ್ಲಿಂದ ಬಂತೆಂದು ಅವಳಿಗೂ ಗೊತ್ತಿರಲಿಲ್ಲ. ಮನೆಯಾಚೆ ಅವಳು ಬಾಯಿಬಿಟ್ಟವಳಲ್ಲ. ಹಾಗಾಗಿ ಅದನ್ನು ಬಲ್ಲವನು ಇವನೊಬ್ಬನೇ, ಇವನಿಗೂ ಈಗೀಗ ಅರ್ಧದಲ್ಲೇ ಮರೆತುಹೋಗುತ್ತಿತ್ತು. ಹಾಡಿಕೊಳ್ಳೋಣವೆಂದರೆ ಇವನ ಗಂಟಲು ದೇವರಿಗೇ ಪ್ರೀತಿ.

ಹಿಂದೆ ಒಂದು ಮದುವೆಯಲ್ಲಿ ಯಾರೋ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸಿದ್ದರು. ಅದು ಥೇಟ್ ಬಾಯಿ ಮುಚ್ಚಿ ಗುನುಗಿದ ಹಾಗೆ ಕೇಳಿತ್ತು. ಅಂಥದ್ದೊಂದನ್ನು ತಾನೇ ಮಾಡಿಕೊಳ್ಳಲು ಹೊರಟ. ಬಾಗಿಲ ಚೌಕಟ್ಟು ಮಾಡಿ ಉಳಿದ ತೇಗದ ಹಲಗೆ, ಗುಜರಿ ಅಂಗಡಿಯ ಮುರುಕು ಗಿಟಾರಿನಿಂದ ಬಿಚ್ಚಿದ, ತಂತಿ ಬಿಗಿಯುವ ಬಿರಡೆಗಳು, ತಂತಿಯನ್ನು ಎತ್ತಿ ಹಿಡಿಯಲು ಎರಡು ತುದಿಗೆ ಎರಡು ಬೋಲ್ಟು. ದನಿ ಬರಲೆಂದು ಹಲಗೆ ಕೊರೆದು ಬಿಸ್ಕತ್ ಡಬ್ಬಿ ಕೂರಿಸಿದ. ಜಾರಿಸಲು ಟವೆಲ್ ಹಾಕುವ ಉಕ್ಕಿನ ಸರಳಿನ ತುಂಡು.

ಸ್ವರದ ಜಾಗ ತಿಳಿಯಲು ತಂತಿಯ ಕೆಳಗೆ ಗೆರೆ ಬೇಕಲ್ಲ. ಅಳತೆಯ ವಿಷಯದಲ್ಲಿ ಅವನು ಯಾರನ್ನೂ ಕೇಳುವ ಆಸಾಮಿಯಲ್ಲ. ಮೂಲೆಮಟ್ಟ ಇಟ್ಟು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮಸಮ ಅಂತರದಲ್ಲಿ ಗೆರೆ ಎಳೆದ. ಕಪಾಟಿನ ಹಲಗೆಯೂ ಹಾಗೇ, ಕಿಟಕಿಯ ಸರಳೂ ಹಾಗೇ, ಸ್ವರಕ್ಕೇನು ಕೋಡು ಮೂಡಿದೆಯೇ?

ಭಾನುವಾರ ಮಧ್ಯಾಹ್ನ ನುಡಿಸಿ ನೋಡಿದ. ಮೊದಲ ಸ್ವರ ಹೇಗೋ ಕೂತಿತು. ಮೇಲೆ ಹೋದಷ್ಟೂ ರಾಗ ಹಳಿ ತಪ್ಪಿತು. ಗೆರೆ ತಪ್ಪಿರಬಹುದೆಂದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ. ತನ್ನ ತಲೆಯೇ ಕೈಕೊಟ್ಟಿತು, ಅವಳನ್ನು ಮರೆತೇಬಿಟ್ಟೆ ಅಂದುಕೊಂಡ. ಸಿಟ್ಟಿನಲ್ಲಿ ಬಿರಡೆ ತಿರುಗಿಸಿದ ರಭಸಕ್ಕೆ ಒಂದು ತಂತಿ ಕಿತ್ತುಬಂತು.

ಮರುದಿನ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ತಂತಿ ತರಲು ವಾದ್ಯದ ಅಂಗಡಿಗೆ ಹೋದ. ಅಂಗಡಿಯವನು ತಿರುಗಿಸಿ ನೋಡಿದ.

"ಏನ್ ಯಜಮಾನ್ರೇ, ಏಣಿ ಮಾಡಿದ್ದೀರಾ?"

"ಯಾಕೆ? ಗೆರೆ ಎಲ್ಲಾ ಸಮ ಇದೆಯಲ್ಲ."

"ಅದೇ ಎಡವಟ್ಟಾಗಿರೋದು. ತಂತಿ ಗಿಡ್ಡ ಆಗ್ತಾ ಹೋದ ಹಾಗೆ ಗೆರೆನೂ ಹತ್ತಿರ ಹತ್ತಿರ ಬರ್ಬೇಕು."

"ಹಾಗಾದ್ರೆ ನನ್ನ ತಲೆ ಸರಿಯಾಗೇ ಇದೆ ಅನ್ನಿ."

"ಅದನ್ನ ನಾನು ಹೇಗೆ ಹೇಳ್ಲಿ?" ಎಂದು ಅಂಗಡಿಯವನು ನಕ್ಕು, ಉದ್ದ ಅಳೆದು ಹೊಸ ಗೆರೆಗಳ ಜಾಗ ಗುರುತು ಮಾಡಿಕೊಟ್ಟ. ಬಡಗಿ ನಗಲಿಲ್ಲ.

ಮನೆಗೆ ಬಂದು ಹಳೆಯ ಗೆರೆಗಳನ್ನು ಉಜ್ಜಿ ತೆಗೆದು ಹೊಸವನ್ನು ಎಳೆದ, ತಂದ ತಂತಿ ಬಿಗಿದ. ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡ. ಈ ಸಲ ರಾಗ ಮೊದಲಿಂದ ಕೊನೆಯವರೆಗೆ ಬಂತು. ಒಂದು ಸ್ವರವೂ ಆಚೀಚೆ ಹೋಗಲಿಲ್ಲ. ಆದರೆ ಅವಳು ಬರಲಿಲ್ಲ. ಯಾರೋ ಕಲಿತವರು ನುಡಿಸಿದ ಹಾಗಿತ್ತು, ಅಷ್ಟೆ. ಕೈ ಚೆಲ್ಲಿ ಕೂತ.

ಆಗ ನೆನಪಾಯಿತು. ಮೇಲೇರುವ ಕಡೆ ಅವಳ ದನಿ ಪ್ರತಿ ಸಲವೂ ಪೂರ್ತಿ ಏರದೆ ಸ್ವಲ್ಪ ಕೆಳಗೇ ನಿಂತುಬಿಡುತ್ತಿತ್ತು. ಇವನು ಹಜಾರದಿಂದ, "ಅಲ್ಲಿ ಬಿದ್ದೆ ನೋಡು," ಎಂದು ರೇಗಿಸುತ್ತಿದ್ದ. "ನಿಮ್ಮ ಬಾಗಿಲು ನೆಟ್ಟಗಿದ್ರೆ ಸಾಕು, ನನ್ನ ಹಾಡಿನ ಉಸಾಬರಿ ನಿಮಗೆ ಬೇಡ," ಎಂದು ಅವಳು ಅಡುಗೆಮನೆಯಿಂದಲೇ ತಿರುಗೇಟು ಕೊಡುತ್ತಿದ್ದಳು.

ಉಕ್ಕಿನ ತುಂಡನ್ನು ಮತ್ತೆ ತಂತಿಯ ಮೇಲಿಟ್ಟ. ಆ ಕಡೆ ಬಂದಾಗ ಗೆರೆಯವರೆಗೆ ಹೋಗಲಿಲ್ಲ, ಎರಡು ಗೆರೆಗಳ ನಡುವೆ ನಿಲ್ಲಿಸಿದ. ಅವಳೇ.

"ಅಲ್ಲಿ ಬಿದ್ದೆ ನೋಡು," ಎಂದ, ರೂಢಿಯಂತೆ ಗಟ್ಟಿಯಾಗಿ.

ಅಡುಗೆಮನೆಯ ಕಡೆ ಕಿವಿಗೊಟ್ಟು ಕೂತ. ತಂತಿಯ ದನಿ ಡಬ್ಬಿಯಲ್ಲಿ ಅಡಗುವವರೆಗೂ ಕಾದ. ಆಮೇಲೆ ಮೊದಲಿಂದ ನುಡಿಸತೊಡಗಿದ.