ಖಾಲಿ ಇರಬಾರದ ಬುಟ್ಟಿ

ಇಳಕಲ್ಲಿನ ಸೀರೆ ವ್ಯಾಪಾರಿ ಶಿವಸಂಗಪ್ಪನವರು ಹರೆಯದಿಂದಲೂ ಗಾದಿಯ ಮೇಲೆ ಕುಳಿತು ಹೆಂಗಸರಿಗೆ ಸೀರೆ ಬಿಚ್ಚಿ ತೋರಿಸಿದವರು. ಆ ದೀರ್ಘ ತಪಸ್ಸಿನ ಫಲವನ್ನು ಅವರು ಬಾಗಲಕೋಟೆಯ ನವನಗರದಲ್ಲಿ, ಒಂದೇ ಮಧ್ಯಾಹ್ನ, ಮತೀನನೆಂಬ ತರುಣನಿಗೆ ಉಣಿಸಿದರು. ಮತೀನ ಇಂಟರ್‌ನೆಟ್ ಅಂಗಡಿ ಇಟ್ಟವನು; ಕೇಳಿದವರಿಗೆ ವೆಬ್‌ಸೈಟನ್ನೂ ಕಟ್ಟಿಕೊಡುತ್ತಿದ್ದ. ಸೈಟಿನ ಮುಖ ಹೇಗಿರಬೇಕೆಂಬುದಕ್ಕೆ ಅವನ ಬಳಿ ಸಿದ್ಧ ವಿನ್ಯಾಸಗಳ ಒಂದು ಸಿ.ಡಿ. ಇತ್ತು. ಆ ವಿನ್ಯಾಸಗಳಿಗೆ ಥೀಮ್ ಎಂದು ಹೆಸರು.

"ಇದು ಸಮುದ್ರ ಥೀಮ್ ಕಾಕಾ. ಭಾಳ ನಡೀತೈತಿ."

"ಮಡಚಿಡು. ಮುಂದಿಂದು."

"ಇದು ಆಫೀಸ್ ಥೀಮ್."

"ಅಂಚು ಸಣ್ಣದಾತು. ಮುಂದಿಂದು ಬಿಚ್ಚು."

"ಇದರಾಗ ಮ್ಯಾಲೆ ಚಿತ್ರ ತಿರಗತಾವ ನೋಡ್ರಿ."

"ತಿರಗೋದು ಬ್ಯಾಡ. ಗಿರಾಕಿಗೆ ತಲಿ ತಿರಗಿದ್ರ ಸೀರಿ ಯಾರು ತಗೋತಾರ? ಇದರ ಸೆರಗು ಎಲ್ಲೈತಿ?"

ಪುಟದ ಕೊನೆಯನ್ನು ಕೇಳುತ್ತಿದ್ದಾರೆಂದು ಸೊಸೆ ಸುಮಾ ಮತೀನನಿಗೆ ತಿಳಿಸಿದಳು. ಕಂಪ್ಯೂಟರ್ ಪದವಿ ಪಡೆದ ಆಕೆಯೇ ಮಾವನನ್ನು ಇಲ್ಲಿಗೆ ಕರೆತಂದವಳು. ಮತೀನ ಬಿಚ್ಚಿದ, ಮಡಚಿದ, ಮತ್ತೆ ಬಿಚ್ಚಿದ. ಚಹಾ ಬಂದು ಹೋಯಿತು. ಮತ್ತೊಮ್ಮೆಯೂ ಬಂದು ಹೋಯಿತು. ಸಿ.ಡಿ. ಮುಗಿದ ಮೇಲೆ ಶಿವಸಂಗಪ್ಪನವರು ಕನ್ನಡಕ ತೆಗೆದು, "ಮೊದಲ ತೋರಿಸಿದೆಲ್ಲಾ, ನೀಲಿದು, ಅದ ಇರಲಿ" ಎಂದರು. ಈ ಮಾತನ್ನು ಅವರು ತಮ್ಮ ಗಾದಿಯ ಮೇಲೆ ಎಷ್ಟು ಸಲ ಕೇಳಿದ್ದರೆಂದರೆ, ಆಡುವ ಸರದಿ ಬಂದಾಗ ಒಂದು ಸ್ವರವೂ ತಪ್ಪಲಿಲ್ಲ.

ಈ ಯಾತ್ರೆಗೆ ಕಾರಣ ಮಗ ಶ್ರೀಧರ. ಅಂಗಡಿಯೂ ಆಗಿದ್ದ ಮನೆಯ ಹಿಂದಿನ ಶೆಡ್ಡಿನಲ್ಲಿ ಶಿವಸಂಗಪ್ಪನವರ ತಂದೆ ಹೂಡಿದ ಕೈಮಗ್ಗಗಳು ಇನ್ನೂ ನಡೆಯುತ್ತಿದ್ದವು. ಕೊಳ್ಳುವವರು ಮಾತ್ರ ಅಗ್ಗದ ಪವರ್‌ಲೂಮ್ ಸೀರೆಯ ಕಡೆಗೆ ನಡೆದಿದ್ದರು. ಮಗ್ಗಗಳನ್ನು ಕಿತ್ತು ಅಲ್ಲಿ ಗ್ರಾನೈಟ್ ಪಾಲಿಶ್ ಯಂತ್ರ ಕೂಡಿಸಬೇಕೆಂಬುದು ಶ್ರೀಧರನ ಪಟ್ಟು. ಪಾಲುದಾರರೂ ಸಿದ್ಧರಿದ್ದರು: ನವನಗರದ ಸಂಗಯ್ಯನವರು. ಹಳೆಯ ಬಾಗಲಕೋಟೆಯ ಅವರ ಮನೆ ಅಣೆಕಟ್ಟಿನ ಹಿನ್ನೀರಿನ ಪಾಲಾಗಿತ್ತು. ಬಂದ ಪರಿಹಾರವನ್ನು ಇನ್ನೊಮ್ಮೆ ಮುಳುಗದ ವಸ್ತುವಿನಲ್ಲಿ ಹೂಡಬೇಕೆಂದು ಬಹುಕಾಲ ವಿಚಾರಿಸಿ ಅವರು ಕಲ್ಲನ್ನು ಆರಿಸಿಕೊಂಡಿದ್ದರು.

ತಂದೆ-ಮಗನ ನಡುವೆ ಕೊನೆಗೊಂದು ಕರಾರಾಯಿತು. ನಾಗರಪಂಚಮಿಯೊಳಗೆ ವೆಬ್‌ಸೈಟಿನಿಂದ ಒಂದಾದರೂ ಕೈಮಗ್ಗದ ಸೀರೆ ಮಾರಿದರೆ ಮಗ್ಗಗಳು ಉಳಿಯುತ್ತವೆ. ಇಲ್ಲವಾದರೆ ಶೆಡ್ಡು ಕಲ್ಲಿಗೆ. "ಒಂದ ಸೀರಿ ಸಾಕಪ್ಪಾ, ಎರಡು ಬ್ಯಾಡ" ಎಂದು ಶ್ರೀಧರ ಔದಾರ್ಯ ತೋರಿದ್ದ. ಸೋಲುವವರಿಗೆ ತೋರುವ ಔದಾರ್ಯಕ್ಕೆ ಖರ್ಚಿಲ್ಲ.

ಥೀಮ್ ಆಯಿತು. ಇನ್ನು ಉಳಿದದ್ದು ಗಿರಾಕಿ ಸೀರೆಗಳನ್ನು ಆರಿಸಿ ಹಾಕಿಕೊಳ್ಳುವ ಬುಟ್ಟಿ. ಮತೀನ ಅದನ್ನು ಪರದೆಯ ಮೇಲೆ ತೆರೆದ. ಅಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲಿತ್ತು.

"ಏನ ಬರದೈತಿ ಯವ್ವಾ?"

"ನಿಮ್ಮ ಬುಟ್ಟಿ ಖಾಲಿ ಐತಿ ಅಂತರಿ ಮಾವಾರ."

ಶಿವಸಂಗಪ್ಪನವರ ಮುಖ ಕಪ್ಪಿಟ್ಟಿತು. "ಬಾಗಲಾಗ ಕಾಲಿಟ್ಟ ಹೆಣಮಗಳ ಕೈಯಾಗ ಖಾಲಿ ಬುಟ್ಟಿ ಕೊಡ್ತೀರೇನಲೇ? ಮಗ್ಗಲ ಮನಿಯವರ ಬಟ್ಟಲಾ ತಿರುಗಿ ಕೊಡೋಮುಂದ ಸುದ್ದಾ ನಾವು ಚೂರು ಬೆಲ್ಲಾ ಹಾಕಿ ಕೊಡತೇವಿ."

"ಇದು ಸಾಫ್ಟ್‌ವೇರ್ ಕಾಕಾ. ಬೆಲ್ಲದ ಸುದ್ದಿ ಅದಕ್ಕ ಎಲ್ಲಿಂದ ಗೊತ್ತಿರಬೇಕು? ಬೇಕಾದ್ರ ಸಾಲು ಬದಲಿ ಮಾಡೂನು. ಬುಟ್ಟಿ ತುಂಬಲಿ ಅಂತ ಬರಿಯೂನು."

"ತುಂಬಲಿ ಅಂದ್ರ ತುಂಬತೈತೇನು? ಹಾಕಿದ್ರ ತುಂಬತೈತಿ."

ಶೂನ್ಯಕ್ಕೆ ಸಿಂಹಾಸನವನ್ನೇ ಹಾಕಿಕೊಟ್ಟ ಧರ್ಮದಲ್ಲಿ ಹುಟ್ಟಿದವರು ಶಿವಸಂಗಪ್ಪನವರು. ಬಯಲೇ ಪರತತ್ತ್ವವೆಂದು ಮಠದ ಪ್ರವಚನದಲ್ಲಿ ತಲೆದೂಗಿ ಒಪ್ಪುತ್ತಿದ್ದರು. ಆದರೆ ಮಠದ ಶೂನ್ಯ ಬೇರೆ, ಬುಟ್ಟಿಯ ಶೂನ್ಯ ಬೇರೆ. ಸೈಟಿಗೆ ಬಂದ ಪ್ರತಿಯೊಬ್ಬರ ಬುಟ್ಟಿಯಲ್ಲೂ, ಬರುವ ಮೊದಲೇ, ಗುಳೇದಗುಡ್ಡದ ಒಂದು ಖಣ ಇರತಕ್ಕದ್ದೆಂದು ಅವರು ವಿಧಿಸಿದರು. ಖಣವೆಂದರೆ ಕುಪ್ಪಸದ ಬಟ್ಟೆ. ಮನೆಗೆ ಬಂದ ಹೆಣ್ಣುಮಗಳಿಗೆ ಅದನ್ನು ಅಕ್ಕಿಯೊಡನೆ ಉಡಿಗೆ, ಎಂದರೆ ಮಡಿಲಿಗೆ, ತುಂಬಿ ಕಳಿಸುವುದು ಈ ಸೀಮೆಯ ಪದ್ಧತಿ.

"ಅದರ ಬೆಲಿ ಎಷ್ಟು ಹಾಕಲಿ?" ಎಂದ ಮತೀನ.

"ಉಡಿಗೆ ಬೆಲಿ ಹಚ್ಚತಾರೇನಲೇ?"

ಮತೀನ ಸೊನ್ನೆ ಹಾಕಿದ. ಹೀಗೆ ಬುಟ್ಟಿಯಿಂದ ಹೊರದೂಡಿಸಿಕೊಂಡ ಶೂನ್ಯವು ಬೆಲೆಯ ಮನೆಯಲ್ಲಿ ಬಂದು ಕುಳಿತಿತು. ಅಂಚೆಯ ಖರ್ಚನ್ನು ಬೆಲೆಯ ಒಂದು ಭಾಗವೆಂದು ಲೆಕ್ಕ ಕಟ್ಟಿದ್ದರಿಂದ ಸೊನ್ನೆಯ ಭಾಗವೂ ಸೊನ್ನೆಯೇ ಆಯಿತು.

"ಕಾಕಾ, ಬರೇ ಖಣ ಅಷ್ಟ ತರಿಸಿಕೊಂಡು ಸುಮ್ಮ ಕುಂತ್ರ?"

"ಉಡಿ ತಗೊಂಡು ಹಂಗ ಹೋಗೋ ಹೆಣಮಗಳು ಈ ಸೀಮ್ಯಾಗ ಹುಟ್ಟಿಲ್ಲ."

ಇಂಟರ್‌ನೆಟ್ಟಿಗೆ ಸೀಮೆ ಇಲ್ಲವೆಂದು ಸುಮಾ ಹೇಳಬೇಕೆಂದಿದ್ದಳು. ಅಷ್ಟರಲ್ಲಿ ಮಾವ ಪರದೆಗೆ ಬೆರಳು ಹಚ್ಚಿದ್ದರು. "ಈ ಗುಂಡಿ ಎದಕ್ಕ?"

"ಬ್ಯಾಡಾದದ್ದನ್ನ ಬುಟ್ಟಿಯಿಂದ ತೆಗಿಯಾಕ್ರಿ."

"ಉಡಿ ಚೆಲ್ಲಾಕ ಗುಂಡಿ ಬ್ಯಾರೆ ಇಟ್ಟೀರೇನು? ಮೊದಲ ತಗಿ ಅದನ್ನ."

"ಖಣಕ್ಕಷ್ಟ ತಗಿಯಾಕ ನನಗ ಬರಂಗಿಲ್ಲ ಕಾಕಾ. ತಗದ್ರ ಸೀರಿಗೂ ಹೋಗತೈತಿ."

"ಹೋಗಲಿ. ಹಾಕ್ಕೊಂಡಿದ್ದನ್ನ ತಗದು ಇಡೋದು ಗಿರಾಕಿ ಲಕ್ಷಣ ಅಲ್ಲ."

ಗುಂಡಿ ಹೋಯಿತು. ತುಂಬಬಹುದಾದ, ಬರಿದು ಮಾಡಲಾಗದ ಬುಟ್ಟಿಯೊಂದು ಜಗತ್ತಿನಲ್ಲಿ ಅವತರಿಸಿತು.

ಶ್ರಾವಣ ಹುಟ್ಟುವ ಮೊದಲು, ಇಳಕಲ್ಲಿನ ಅಂಗಡಿಯ ಕಂಪ್ಯೂಟರಿಗೆ ವಿಭೂತಿ ಹಚ್ಚಿ ಸೈಟನ್ನು ತೆರೆದರು. ಆರ್ಡರುಗಳು ಬಂದವು. ಮೊದಲ ವಾರ ಬಂದವು, ಎರಡನೆಯ ವಾರ ಇನ್ನೂ ಬಂದವು. ಹುಬ್ಬಳ್ಳಿಯಿಂದ, ಪುಣೆಯಿಂದ, ಹೆಸರೂ ಕೇಳದ ಊರುಗಳಿಂದ ಬಂದವು. ನವನಗರದಲ್ಲಂತೂ ಮತೀನನ ಅಂಗಡಿಯಿಂದ ಹೊರಟ ಸುದ್ದಿ ಸೆಕ್ಟರಿನಿಂದ ಸೆಕ್ಟರಿಗೆ ಜಿಗಿಯಿತು. ಎಲ್ಲ ಆರ್ಡರುಗಳಲ್ಲೂ ವಸ್ತು ಒಂದೇ: ಖಣ. ಮೊತ್ತವೂ ಒಂದೇ: ಸೊನ್ನೆ. ಪುಣೆಯ ಒಬ್ಬ ಅವಿವಾಹಿತ ಗೃಹಸ್ಥರು ಬೇರೆ ಬೇರೆ ಹೆಸರಿನಲ್ಲಿ ತರಿಸಿಕೊಂಡು, ದಿಂಬಿನ ಚೀಲಕ್ಕೆ ಬಹಳ ಒಪ್ಪಿದವೆಂದು ಧನ್ಯವಾದವನ್ನೂ ಬರೆದರು.

"ಯಪ್ಪಾ, ವ್ಯಾಪಾರ ಭಾಳ ಜೋರ ನಡದೈತಿ" ಎಂದ ಶ್ರೀಧರ. "ಹಿಂಗ ನಡದ್ರ ಅಂಗಡೀನೂ ಉಡಿಗೆ ಹಾಕಿ ಕಳಸೂದ ಬಾಕಿ."

ಸುಮಾ ಮಾವನನ್ನು ಕೇಳಿಕೊಂಡಳು. "ಮತೀನಗ ಒಂದ ಫೋನ ಹಚ್ಚಿದ್ರ ಖಣ ತಗೀತಾನ್ರಿ. ಪಂಚಮಿ ಬಂತು. ಮಗ್ಗ ಉಳೀಬೇಕಲ್ಲರಿ?"

"ಮಗ್ಗ ಉಳೀಬೇಕು ಖರೆ. ಆದ್ರ ಉಡ್ಯಾಗ ಹಾಕಿದ್ದನ್ನ ತಿರುಗಿ ತಗೊಂಡ ಕೈಯಿಂದ ಮಗ್ಗಾ ಹೆಂಗ ಮುಟ್ಟಲಿ ಯವ್ವಾ?"

ಅವರು ದಿನವೂ ಲಿಂಗಪೂಜೆ ಮುಗಿಸಿ, ಖಣಗಳನ್ನು ಕಾಗದದಲ್ಲಿ ಸುತ್ತಿ, ಪ್ರತಿಯೊಂದರಲ್ಲೂ ನಾಲ್ಕು ಅಕ್ಕಿಕಾಳು ಇಟ್ಟು ಅಂಚೆಗೆ ಕಳಿಸುತ್ತಿದ್ದರು. ದಿಂಬಿನ ಗೃಹಸ್ಥರಿಗೂ ಅಷ್ಟೇ. ಹಿಂದಿನ ಶೆಡ್ಡಿನಲ್ಲಿ ಲಾಳಿಯ ಸದ್ದು ನಡೆದೇ ಇತ್ತು. ಸಂಜೆ ಅಲ್ಲಿಗೆ ಹೋಗಿ, ಹೊಸ ಸೀರೆಯ ಒಡಲಿಗೆ ಕೆಂಪು ಸೆರಗಿನ ಎಳೆಗಳನ್ನು ಕೂಡಿಸುವುದನ್ನು ನೋಡುತ್ತ ನಿಲ್ಲುತ್ತಿದ್ದರು.

ನಾಗಚೌತಿಯ ದಿನ ಸಂಗಯ್ಯನವರು ಉಕ್ಕಿನ ಟೇಪು ಹಿಡಿದುಕೊಂಡು ಬಂದರು. ಹಬ್ಬ ಕಳೆದ ಮರುದಿನವೇ ಯಂತ್ರ ಇಳಿಯಬೇಕಾಗಿದ್ದರಿಂದ ಶೆಡ್ಡಿನ ಅಳತೆ ಬೇಕಿತ್ತು.

"ಬರ್ರಿ ಅಯ್ಯಾರ" ಎಂದು ಶಿವಸಂಗಪ್ಪನವರು ಎದ್ದು ನಿಂತರು. "ಮೊದಲ ಚಹಾ ಆಗಲಿ. ಅಳತಿ ಎಲ್ಲಿ ಓಡಿ ಹೋಗತೈತಿ?"

"ತಪ್ಪ ತಿಳಕೋಬ್ಯಾಡ್ರಿ ಸಾವಕಾರ್ರ. ನಿಮ್ಮ ಮಗಾನ ಕರದಾನ."

"ಮಾತ ಕೊಟ್ಟೀನ್ರಿ. ತಪ್ಪೇನೈತಿ ಇದರಾಗ?"

ಚಹಾ ಬಂತು. ಶ್ರೀಧರ ಟೇಪಿನ ತುದಿ ಹಿಡಿಯಲು ಅಂಗಿಯ ತೋಳು ಮಡಚಿಕೊಂಡ. ಆಗ ಒಳಗಿನ ಪ್ರಿಂಟರು ಕರಕರ ಎಂದಿತು. ಸುಮಾ ಹಾಳೆಯನ್ನು ಹಿಡಿದು ಬಾಗಿಲಲ್ಲಿ ನಿಂತಳು.

"ಇನ್ನೊಬ್ಬರು ಉಡಿಗೆ ಬಂದ್ರೇನು?" ಎಂದ ಶ್ರೀಧರ.

"ಖಣ ಐತ್ರಿ" ಎಂದಳು ಆಕೆ. "ಅದರ ಕೆಳಗ ಕೈಮಗ್ಗದ ಸೀರಿ ಐತಿ. ಅದರ ಕೆಳಗ ಇನ್ನೊಂದು ಸೀರಿ ಐತಿ."

ಶ್ರೀಧರ ಹಾಳೆ ಕಸಿದುಕೊಂಡು ಹೆಸರು ಓದಿದ. ಓದಿ ಸಂಗಯ್ಯನವರ ಕೈಗೆ ಕೊಟ್ಟ. ಶಿವಲಿಂಗವ್ವ, ನವನಗರ. ಸಂಗಯ್ಯನವರು ತಮ್ಮ ಮನೆಯ ವಿಳಾಸವನ್ನು ಅಪರಿಚಿತರ ವಿಳಾಸದಂತೆ ಎರಡು ಸಲ ಓದಿದರು. ಕರಾರಿನ ಸಂಗತಿ ಅವರಿಗೆ ಗೊತ್ತಿತ್ತು. ಜೇಬಿನಿಂದ ಮೊಬೈಲ್ ತೆಗೆದರು. ಆ ಕಾಲದ ಮೊಬೈಲುಗಳಲ್ಲಿ ಹೆಂಡತಿಯ ಧ್ವನಿ ಇಡೀ ಅಂಗಡಿಗೆ ಕೇಳಿಸುತ್ತಿತ್ತು.

"ಏನ ಮಾಡೀಯ ನೀ? ಸೀರಿ ಯಾಕ ಹಾಕಿದಿ?"

"ಮತ್ತೇನ ಮಾಡಲಿ? ಎಲ್ಲಾರಂಗ ನಾನೂ ತರಿಸಿದ್ದೆ; ಮೊನ್ನಿ ಅವರ ಮನಿಯಿಂದ ಖಣ ಬಂತು, ಅಕ್ಕಿ ಸಹಿತ. ಹಸರ ಖಣ. ಅದಕ್ಕ ಒಪ್ಪೋ ಸೀರಿ ಈ ಮನ್ಯಾಗ ಒಂದರ ಐತೇನು? ಉಡಿ ತಗೊಂಡು ಸುಮ್ಮ ಕುಂದ್ರೋ ಮಂದಿ ಏನ್ರಿ ನಾವು?"

"ಆತು, ಒಂದ ಸೀರಿ. ಎರಡ ಯಾಕ?"

"ಮಗಳು ಪ್ರೀತಿ ಜೋಡಿ ಮತೀನನ ಅಂಗಡಿಗೆ ಹೋಗಿದ್ದೆ. ಮೊದಲ ಕೆಂಪಂದು ಹಾಕಿದೆ, ಆಮ್ಯಾಲೆ ದಾಳಿಂಬರ ಬಣ್ಣದ್ದು ಕಂಡಿತು. ಕೆಂಪಂದು ತಗೀಬೇಕಂದ್ರ ಗುಂಡೀನ ಇಲ್ಲ! ನಿಮ್ಮ ಮಗಳೂ ಹುಡಿಕಿದಳು. ಇರಲಿ ಬಿಡವಾ, ಪಂಚಮಿಗೆ ಎರಡೂ ಆಗತಾವ ಅಂದೆ."

"ಬ್ಯಾಡಾ ಅಂತ ಹೇಳಿಬಿಡ್ಲೇನು?" ಎಂದು ಸಂಗಯ್ಯನವರು ಧ್ವನಿ ತಗ್ಗಿಸಿದರು.

ಶಿವಸಂಗಪ್ಪನವರು ಬಾಗಿಲಿನ ಕಡೆ ನೋಡುತ್ತ ನಿಂತಿದ್ದರು.

"ನೀವು ಈಗ ಎಲ್ಲಿದ್ದೀರಿ?" ಎಂದಳು ಶಿವಲಿಂಗವ್ವ.

"ಅವರ ಅಂಗಡ್ಯಾಗ."

"ಹಂಗಾದ್ರ ಭಾಳ ಛಲೋ ಆತು. ಟಪಾಲಿನ್ಯಾಗ ಯಾಕ ಬರಬೇಕು? ರೊಕ್ಕಾ ಕೊಟ್ಟು ನೀವ ತಗೊಂಡ ಬರ್ರಿ. ಉದ್ದ ಬರೊಬ್ಬರಿ ಐತೋ ಇಲ್ಲೋ ಅಳದು ನೋಡ್ರಿ. ಟೇಪು ಹೆಂಗೂ ಒಯ್ದೀರೆಲ್ಲಾ."

ಶಿವಸಂಗಪ್ಪನವರು ಗಾದಿಯ ಮೇಲೆ ಕುಳಿತರು. ಕಪಾಟಿನಿಂದ ದಾಳಿಂಬೆ ಬಣ್ಣದ ಸೀರೆಯನ್ನು ತೆಗೆದು, ಒಂದೇ ಬೀಸಿನಲ್ಲಿ ಸೆರಗಿನವರೆಗೂ ಬಿಚ್ಚಿ ಹಾಸಿದರು. ಸಂಗಯ್ಯನವರು ಹೊರಗೆ ಚಪ್ಪಲಿ ಬಿಟ್ಟು ಬಂದು ಗಾದಿಯ ಅಂಚಿಗೆ ಮಂಡಿಯೂರಿ ಟೇಪನ್ನು ಎಳೆದರು.

ಅದರ ಇನ್ನೊಂದು ತುದಿಯನ್ನು ಶ್ರೀಧರ ಹಿಡಿದುಕೊಂಡ.