ಬೀಗಿತಿಯ ಹೆಸರಿನ ಕಾರ್ಡು

ಹಿಂದೆ ಹಿಂದೆ, ಅಂದರೆ ತೀರ ಹಿಂದೇನಲ್ಲ, ಊರೂರಿಗೂ ಎಸ್‌ಟಿಡಿ ಬೂತು ಬಂದು ಕೂತ ಕಾಲದಲ್ಲಿ, ಬಿಂಡಿಗನವಿಲೆಯಲ್ಲೊಬ್ಬಳು ತಾಯಿ ಇದ್ದಳಂತೆ, ಬೆಳಗೊಳದಲ್ಲೊಬ್ಬಳು ಮಗಳು ಇದ್ದಳಂತೆ. ತಾಯಿಗೆ ಉಸಿರು ಕಟ್ಟುವ ರೋಗ. ಅಜ್ಜಿಯರ ಕತೆಯಲ್ಲಾದರೆ ಅಂಥ ರೋಗದ ಮದ್ದು ಏಳು ಸಮುದ್ರದಾಚೆ, ಏಳು ಹೆಡೆಯ ಸರ್ಪ ಕಾಯುವ ಮರದಲ್ಲಿರುತ್ತದೆ. ರಾಜಕುಮಾರ ಕುದುರೆ ಹತ್ತಿ ಹೋಗಿ ತರುತ್ತಾನೆ. ಈ ಕತೆಗೆ ಸಿಕ್ಕಿದ್ದು ನಾಲ್ಕು ಪೇಟೆ, ಕೆಂಪು ಬಸ್ಸು, ಮತ್ತೆ ಮಗಳ ಕುಪ್ಪಸದೊಳಗೆ ಬೆವರಿಗೆ ಮೆತ್ತಗಾದ ಒಂದು ಇಎಸ್‌ಐ ಕಾರ್ಡು.

ಮಗಳ ಹೆಸರು ದೇವೀರಮ್ಮ. ಬೆಳಗೊಳದ ಹತ್ತಿರ ನೂಲಿನ ಮಿಲ್ಲಿನಲ್ಲಿ ಕೆಲಸ. ತಿಂಗಳು ತಿಂಗಳೂ ಸಂಬಳದಲ್ಲಿ ಒಂದಿಷ್ಟು ಮುರಿದುಕೊಂಡು, ಕೆಲಸದವಳಿಗೋ ಅವಳ ಹೆತ್ತವರಿಗೋ ಕಾಯಿಲೆಯಾದರೆ ಸರ್ಕಾರದ ವಿಮೆಯಲ್ಲಿ ನೋಡಿಸಿಕೊಳ್ಳಲಿ ಎಂದು ಕೊಟ್ಟ ಕಾರ್ಡು ಅದು. ಅದರಲ್ಲಿ ತಾಯಿ ಎಂದಿದ್ದ ಕಡೆ ಬರೆದದ್ದು ಮಾತ್ರ ಅವಳ ತಾಯಿ ಚಲುವಮ್ಮನ ಹೆಸರಲ್ಲ, ಅತ್ತೆ ಸಿದ್ದಲಿಂಗಮ್ಮನದು.

“ಧಾರೆ ಎರುದ್ಮೇಲೆ ಉಟ್ಟಿದ್ ಮನೆ ಎಲ್ ಬಂತಮ್ಮಿ?” ಎಂದಿದ್ದಳು ಅತ್ತೆ, ಮಿಲ್ಲಿನವರು ವಿವರ ಕೇಳಿದ ದಿನ. “ಉಣ್ಣೋದು ನಮ್ಮನೇಲಿ. ನಿಂಗೆ ಅವ್ವ ಅಂದ್ರೆ ನಾನೇಯ. ನನ್ನೆಸ್ರೇ ಬರ್ಸು.”

ಸೊಸೆಯಾದವಳು ಇಲ್ಲ ಎನ್ನುವ ವಾಡಿಕೆ ಆ ಮನೆಯಲ್ಲಿರಲಿಲ್ಲ. ಬರೆಸಿದಳು. ಅಲ್ಲಿಂದೀಚೆಗೆ ಸಿದ್ದಲಿಂಗಮ್ಮ ಒಂದು ಸೀನು ಸೀನಿದ್ದಿಲ್ಲ, ಗುಂಡುಕಲ್ಲಿನ ಹಾಗಿದ್ದಳು. ಊದಿಕೊಂಡದ್ದು ಚಲುವಮ್ಮನ ಕಾಲು.

ಯುಗಾದಿಗೆ ತವರಿಗೆ ಹೋದ ದೇವೀರಮ್ಮ, ತಾಯಿ ಗೋಡೆಗೊರಗಿ ಕೂತೇ ನಿದ್ದೆ ಮಾಡುವುದನ್ನು ಕಂಡಳು. ಮಲಗಿದರೆ ಉಸಿರು ನಿಲ್ಲುತ್ತದಂತೆ. ಊರಿಗೆ ಬರುವ ಸೂಜಿ ಡಾಕ್ಟರು ಜ್ವರಕ್ಕೂ ಭೇದಿಗೂ ಚುಚ್ಚುವ ಸೂಜಿಯನ್ನೇ ಇದಕ್ಕೂ ಚುಚ್ಚಿದ್ದ.

“ಅವ್ನು ಎದೆ ಮೇಲೆ ಕೊಳವೆ ಮಡುಗಿ ನೋಡುದ್ನವ್ವಾ?”

“ಅದ ಕತ್ತಿಗಾಕಂಡಿರ್ತಾನೆ ಕಣ್ ಮಗ, ತಾಳಿ ಅಂಗೆ. ತೆಗಿಯಾಕಿಲ್ಲ.”

ಇಬ್ಬರೂ ನಕ್ಕರು. ನಗುವಿಗೇ ಚಲುವಮ್ಮನ ಉಸಿರು ಸಿಕ್ಕಿಕೊಂಡಿತು. ಅದು ಬಿಡುವವರೆಗೆ ಕಾದು ದೇವೀರಮ್ಮ ತಾಯಿಯ ಅಂಗೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟಳು: “ಒಳಗಿನ ಕಾಯ್ಲೆ ನೋಡೋ ದೊಡ್ ಡಾಕ್ಟ್ರು, ಎಂ.ಡಿ. ಓದಿರೋರು, ಅವ್ರ ಕೈಲಿ ನಿನ್ನೆದೆ ಮೇಲೆ ಕೊಳವೆ ಇಡುಸ್ತೀನಿ ಕಣವ್ವ.”

ಬೆಳಗೊಳಕ್ಕೆ ಮರಳಿ, ಆ ಕಾರ್ಡಿನಲ್ಲಿ ತಾಯಿಯನ್ನು ತೋರಿಸಲೇ ಎಂದು ಅತ್ತೆಯನ್ನು ಕೇಳಿದಳು. ಸಿದ್ದಲಿಂಗಮ್ಮ ಎಲೆಯಡಿಕೆ ಉಗಿದು ಬಂದು ಕೂತಳು.

“ತಕಂಡೋಗು. ಎಸ್ರೇನು ಸವುದೋದದಾ? ಒಂದೇ ಮಾತು ಅಮ್ಮಿ. ಸಾಯಂಗಿದ್ರೆ ನಿಮ್ಮವ್ವ ಅವಳೆಸ್ರಲ್ಲೇ ಸಾಯ್ಲಿ. ನನ್ನೆಸ್ರಲ್ಲಿ ಸತ್ಗಿತ್ತಾಳು.”

ಊಟಕ್ಕೆ ಕೂತಿದ್ದ ಗಂಡ ಪುಟ್ಟರಾಜು ಮುದ್ದೆ ನೆತ್ತಿಗೇರುವಷ್ಟು ನಕ್ಕ. ದೇವೀರಮ್ಮ ಅವನಿಗೆ ನೀರು ಕೊಟ್ಟು, ಬೆಳಿಗ್ಗೆ ತಾಯಿಯನ್ನು ಕರೆದೊಯ್ಯಲು ತವರಿನ ಬಸ್ಸು ಹತ್ತಿದಳು.

ನಾಗಮಂಗಲದ ಡಾಕ್ಟರು ಸತ್ತ ಇಲಿಯ ಬಾಲ ಹಿಡಿದ ಹಾಗೆ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದರು. “ಇದು ಇಲ್ಲಿ ನಡೆಯಲ್ಲ. ಫ್ಯಾಕ್ಟರಿ ಇರೋ ಕಡೆ ಹೋಗಿ.” ಚಲುವಮ್ಮ ಇನ್ನೂ ಹೊರಗೆ ಮೆಟ್ಟಿಲ ಮೇಲೆ ಉಸಿರು ಕೂಡಿಸಿಕೊಳ್ಳುತ್ತಿದ್ದಳು, ಡಾಕ್ಟರ ಮುಖವನ್ನೂ ನೋಡಲಿಲ್ಲ.

ಕೆ.ಆರ್. ಪೇಟೆಯಲ್ಲೊಬ್ಬರು ಕಾರ್ಡು ತಗೊಳ್ಳುತ್ತಾರೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದರು. ಅಲ್ಲಿಯ ಕಾಂಪೌಂಡರು “ಕಾರ್ಡಿನೋರು ಕೊನೇಲಿ” ಎಂದು ಮೂಲೆಯ ಬೆಂಚು ತೋರಿಸಿದ. ಆಮೇಲೆ ಬಂದವರೆಲ್ಲ ಒಳಗೆ ಹೋಗಿ ಬಂದರು. ಬಿಸಿಲು ಇಳಿಯಿತು. ಕೊನೆಗೆ ಹಿತ್ತಲ ಕಡೆ ಸ್ಕೂಟರು ಸ್ಟಾರ್ಟಾದ ಸದ್ದು ಕೇಳಿತು.

“ಸಾಹೇಬ್ರು ಮದ್ವೆ ಊಟಕ್ಕೋದ್ರು. ನೀವಿನ್ನೂ ಇಲ್ಲೇ ಇದ್ದೀರಾ?” ಎಂದ ಕಾಂಪೌಂಡರು, ಬಾಗಿಲು ಹಾಕಿಕೊಳ್ಳುತ್ತ.

“ಓಗ್ಲಿ ಬುಡು ಮಗ,” ಎಂದಳು ಚಲುವಮ್ಮ. “ಅವ್ರಿಗೂ ಒಟ್ಟೆ ಅಸಿಯಾಕಿಲ್ವಾ?”

ಆ ವಾರ ಕಳೆದು ಪಾಂಡವಪುರಕ್ಕೆ ಹೋದರು. ಅಲ್ಲಿ ಕಾರ್ಡು ನಡೆಯಿತು. ಕಾಂಪೌಂಡರು ಹೆಸರು ಓದಿಕೊಂಡು, “ಕೂತ್ಕಳಿ, ಕರೀತೀನಿ” ಎಂದ. ದೇವೀರಮ್ಮನಿಗೆ ಭಾಷೆ ತೀರಿಯೇ ಹೋದಷ್ಟು ಹಗುರವಾಯಿತು. ಕಾರ್ಡಿನಲ್ಲಿ ಯಾರ ಹೆಸರಿದೆ ಎಂಬುದನ್ನು ಓದು ಬಾರದ ತಾಯಿಗೆ ಅವಳು ಹೇಳಿರಲಿಲ್ಲ. ಹೇಳಲು ನಾಲಗೆ ಏಳಲಿಲ್ಲ; ಕರೆದಾಗ ಕೈಹಿಡಿದು ಒಳಗೆ ಕರೆದೊಯ್ದರಾಯಿತು ಎಂದುಕೊಂಡಿದ್ದಳು.

“ಸಿದ್ದಲಿಂಗಮ್ಮಾ!”

ಮಗಳು ಕೈಹಿಡಿಯುವಷ್ಟರಲ್ಲಿ ಚಲುವಮ್ಮ ದಡಬಡಿಸಿ ಸೆರಗು ಹೊದ್ದು, ಬೆಂಚಿನ ತುದಿಗೆ ಸರಿದು ಜಾಗ ಮಾಡಿ, ಬಾಗಿಲ ಕಡೆಗೆ ನೋಡಿದಳು. “ಬೀಗಿತೀರು ಬಂದವ್ರಾ ದೇವೀರಿ? ನಂಗೇಳ್ಲೇ ಇಲ್ವಲ್ಲೇ! ಬನ್ನಿ ಬೀಗಿತೀರೆ, ಇಲ್ಲಿ ಕುತ್ಕಳಿ.”

ಬೆಂಚಿನವರು ಬಾಗಿಲು ನೋಡಿದರು. ಯಾರೂ ಇರಲಿಲ್ಲ. ಕಾಂಪೌಂಡರು ಕಾರ್ಡನ್ನೂ ಮುದುಕಿಯನ್ನೂ ನೋಡಿದ. “ಏನಜ್ಜಿ ನಿನ್ನೆಸ್ರು?”

“ಚಲುವಮ್ಮ ಕಣಪ್ಪ.”

“ನೋಡ್ರಪ್ಪೋ, ಕದ್ದ ಎಸ್ರಲ್ಲಿ ಮದ್ದು ತಿನ್ನಕ್ ಬಂದವ್ರೆ! ಎದ್ದೋಯ್ತೀರೋ, ಪೊಲೀಸ್ನೋರ ಕರೀಲೋ?”

ಬೆಂಚಿಗೆ ಬೆಂಚೇ ನಕ್ಕಿತು. ದೇವೀರಮ್ಮ ಅವನ ಕೈಯಿಂದ ಕಾರ್ಡು ಕಿತ್ತುಕೊಂಡಳು. ಹೊರಗೆ ಬಂದು, ಬೇವಿನ ಮರ ಹಿಡಿದು ನಿಂತು, ಚಲುವಮ್ಮ ಮೆಲ್ಲಗೆ ಕೇಳಿದಳು: “ನನ್ನೆಸ್ರು ಬರ್ಸಿಲ್ವಾ ಮಗ?”

ಅಳು ಬರಬೇಕಾದ ಕಡೆ ದೇವೀರಮ್ಮನಿಗೆ ಸಿಟ್ಟು ಬಂದಿತ್ತು. ಅತ್ತೆಯ ಮೇಲಿನದು, ಕಾಂಪೌಂಡರ ಮೇಲಿನದು ಎಲ್ಲ ಸೇರಿ, ಕೈಗೆ ಸಿಕ್ಕುವ ಹತ್ತಿರದಲ್ಲಿದ್ದವಳ ಮೇಲೆ ಹೊರಳಿತು. ತಾಯಿಯ ರಟ್ಟೆ ಹಿಡಿದು ಶ್ರೀರಂಗಪಟ್ಟಣದ ಬಸ್ಸಿಗೆ ಎಳೆದಳು. ಉಳಿದದ್ದು ಅದೊಂದೇ ಪೇಟೆ.

“ಏನು ನಿನ್ನೆಸ್ರು?” ಎಂದಳು ಸೀಟಿನಲ್ಲಿ ಕೂತ ತಕ್ಷಣ.

“ಚಲು...”

ರಟ್ಟೆಗೆ ಚಿವುಟಿದಳು. “ಚಲುವಮ್ಮ ಸತ್ತೋದ್ಲು. ಏನು ನಿನ್ನೆಸ್ರು?”

“ಬೀಗಿತೀರ ಎಸ್ರ ಎಂಗೆ ಅನ್ನನೆ? ಎಣ್ ಕೊಟ್ಟ ಮನೆಯೋರು. ತಪ್ಪಾಯ್ತದೆ ಕಣೆ.”

ಮಗಳನ್ನು ಕೊಟ್ಟ ಮನೆಯ ಹಿರಿಯರ ಹೆಸರು ಹಿಡಿಯಬಾರದೆಂಬುದನ್ನು ಚಲುವಮ್ಮ ಇಷ್ಟು ವರ್ಷ ದೇವರ ದೀಪದಷ್ಟು ಜೋಪಾನವಾಗಿ ನಡೆಸಿಕೊಂಡು ಬಂದಿದ್ದಳು. ದೇವೀರಮ್ಮ ಅದೇ ಜಾಗಕ್ಕೆ ಮತ್ತೆ ಚಿವುಟಿದಳು.

“ಸಿದ್... ಸಿದ್ದಲಿಂಗಮ್ಮ.”

“ಮಕ್ಕಳು?”

“ಒಬ್ಳೇ ಮ...”

ಈ ಸಲ ಉಗುರು ಇಳಿಯಿತು. “ಒಬ್ಬ ಮಗ. ಪುಟ್ಟರಾಜು. ಮಗಳಿಲ್ಲ ನಿಂಗೆ. ನಾನು ಸೊಸೆ. ಅನ್ನು!”

ಮುಂದಿನ ಸೀಟಿನ ಮುದುಕ ತಿರುಗಿದ. “ಯಾಕಮ್ಮಿ ಅತ್ತೆಯ ಅಂಗೆ ಚಿವುಟ್ತೀಯ? ಬಸ್ನಲ್ಲೇ ಇಂಗಾದ್ರೆ ಮನೇಲಿ ಎಂಗೋ! ನೀನೂ ಒಂದಿನ ಅತ್ತೆ ಆಯ್ತೀಯ ಕಣ್, ಮರೀಬೇಡ.”

ದೇವೀರಮ್ಮನಿಗೆ ನಾಚಿಕೆಯಾಗಲಿಲ್ಲ. ಹಾಗಾದರೆ ನಂಬುತ್ತಾರೆ ಎಂದು ಧೈರ್ಯ ಬಂತು. ಕಿರಂಗೂರು ದಾಟುವ ಹೊತ್ತಿಗೆ ಚಲುವಮ್ಮ ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು, ಕಿಟಕಿಯಾಚೆ ನೋಡುತ್ತ.

ಶ್ರೀರಂಗಪಟ್ಟಣದ ಡಾಕ್ಟರು ಶ್ರೀನಿವಾಸಮೂರ್ತಿ, ಎಂ.ಡಿ. ದೇವಸ್ಥಾನದ ಕಡೆಗೆ ಹೋಗುವ ಬೀದಿಯಲ್ಲಿ ಹಳೇ ಮನೆ, ಜಗಲಿಯ ಮೇಲೇ ಕಾಯುವವರ ಸಾಲು. ಕಾರ್ಡನ್ನು ಅವರು ಮಾಮೂಲಿಯಂತೆ ಕೈಗೆ ತಗೊಂಡು, ಓದಿ, ತಲೆಯೆತ್ತಿ ನಕ್ಕರು.

“ಯಾರು ಸಿದ್ದಲಿಂಗಮ್ಮ?”

“ನಾನೇ ಕಣಪ್ಪ,” ಎಂದು ಚಲುವಮ್ಮ ಎದ್ದಳು. ದನಿ ಒಂದಿಷ್ಟೂ ತಡವರಿಸಲಿಲ್ಲ.

“ಬನ್ನಿ ತಾಯಿ, ಕೂತ್ಕೊಳ್ಳಿ. ಕಾಲು ಯಾವಾಗಿಂದ ಊದಿದೆ? ಇಷ್ಟು ದಿನ ಎಲ್ಲಿ ತೋರಿಸಿದ್ರಿ?” ಕೇಳುತ್ತಲೇ ಬಿ.ಪಿ. ನೋಡುವ ಪಟ್ಟಿ ಸುತ್ತಲು ಸೆರಗು ಸರಿಸಿದವರು ನಿಂತರು. ರಟ್ಟೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಉಗುರಿಳಿದ ಕಡೆ ರಕ್ತ ಹೆಪ್ಪುಗಟ್ಟಿತ್ತು. “ಇದೇನಿದು?”

ಚಲುವಮ್ಮ ಸೆರಗನ್ನು ರಟ್ಟೆಯ ಮೇಲೆ ಎಳೆದುಕೊಂಡಳು.

“ಸೊಸೆ,” ಎಂದಳು.

ಡಾಕ್ಟರ ಮುಖದ ನಗು ಇಂಗಿತು. ದೇವೀರಮ್ಮನ ಕಡೆ ತಿರುಗಿದರು. “ನೀನೇನಮ್ಮ?”

ಅಲ್ಲ ಎಂದರೆ ಕಾರ್ಡು ಸುಳ್ಳಾಗುತ್ತಿತ್ತು. “ಊಂ,” ಎಂದಳು.

“ವಿದ್ಯೆಯಿಲ್ಲದಿದ್ರೂ ಕರುಣೆ ಬೇಡ್ವೇನಮ್ಮ? ಉಸಿರಾಡೋಕ್ಕಾಗದೆ ಇರೋ ಜೀವ ಇದು. ನಿನ್ನ ಹೆತ್ತ ತಾಯಿಯಾಗಿದ್ರೆ ಹೀಗೆ ಚಿವುಟ್ತಿದ್ಯಾ?”

ಜಗಲಿಯ ಸಾಲಿನವರು ಕಿಟಕಿಯಿಂದ ಇಣುಕಿದರು. ಯಾರೋ “ಥೂ” ಎಂದರು. ದೇವೀರಮ್ಮ ನೆಲ ನೋಡುತ್ತ ನಿಂತಳು. ತಾಯಿ ಈಗ ಒಂದು ಮಾತಾಡಿಯಾಳೆಂದು ಕಾದಳು. ಬಿದ್ದಾಗ, ಗಂಡ ಹೊಡೆದಾಗ, ಯಾವಾಗಲೂ ಮಗಳ ಪರವಾಗಿ ತಾಯಿಯದೊಂದು ಮಾತು ಇದ್ದೇ ಇರುತ್ತಿತ್ತು. ಈಗ ಚಲುವಮ್ಮ ಗೋಡೆಯ ಕ್ಯಾಲೆಂಡರಿನ ದೇವರನ್ನು ನೋಡುತ್ತಿದ್ದಳು.

“ನಿಮಗೆ ಹೆಣ್ಣುಮಕ್ಕಳಿಲ್ವಾ ತಾಯಿ?” ಎಂದರು ಡಾಕ್ಟರು. “ನಾಲ್ಕು ದಿನ ಹೋಗಿ ಇರೋದಕ್ಕೆ?”

ಇದಕ್ಕೆ ಉತ್ತರ ಬಸ್ಸಿನಲ್ಲೇ ಆಗಿತ್ತು: ಇಲ್ಲ ಅನ್ನಬೇಕು, ಅಷ್ಟೆ.

“ಒಂದಿತ್ತು ಕಣಪ್ಪ,” ಎಂದಳು ಚಲುವಮ್ಮ. “ಓಗ್ಬುಡ್ತು.”

“ಅಯ್ಯೋ. ಏನಾಯ್ತು?”

“ಬಸ್ನಲ್ಲಿ ಓಯ್ತು.”

“ಆಕ್ಸಿಡೆಂಟಾ?”

“ಊಂ.”

“ನೀನು ಆಚೆ ಗೋಡೆ ಹತ್ರ ನಿಲ್ಲಮ್ಮ,” ಎಂದು ಡಾಕ್ಟರು ದೇವೀರಮ್ಮನನ್ನು ದೂರ ಸರಿಸಿ, ಕೊಳವೆಯ ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ಚಲುವಮ್ಮನ ಎದೆಯ ಮೇಲಿಟ್ಟರು.